ಬೇಯಿಸದ ಕೇಕು

೨೦೦೩ರಲ್ಲಿ ಕಾಪುವಿನ ದೇಜಪ್ಪನ ಗಂಟಲಿನ ಕ್ಯಾನ್ಸರಿಗೆ ಮಣಿಪಾಲದ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟು ಮುಗಿಸಿದರು. ಗಂಟು ಕರಗಿತು, ಜೊತೆಗೆ ನಾಲಗೆಯ ರುಚಿಯೂ ಹೋಯಿತು. ದೋಣಿಯಲ್ಲಿ ದುಡಿದ ಮನುಷ್ಯ; ಬಂಗುಡೆ ಸಾರಿಗೆ ಖಾರ ಕಡಿಮೆಯಾದರೆ ಬಟ್ಟಲು ತಳ್ಳುತ್ತಿದ್ದವನು. ಈಗ ಹೆಂಡತಿ ಸುಂದರಿ ಗಂಜಿ ಸೋಸಿ ಕುಡಿಸಿದರೆ "ಮರಳಿನ ಹಾಗೆ" ಎಂದು ಮುಖ ತಿರುಗಿಸುತ್ತಿದ್ದ.

ಮಗಳು ಹರಿಣಾಕ್ಷಿಗೆ ಬನ್ನಂಜೆಯ ಬಟ್ಟೆಯಂಗಡಿಯಲ್ಲಿ ಕೆಲಸ. ಒಂದು ಸಂಜೆ ಅವಳು ಪೆಪ್ಪರಮಿಂಟು ಕರಗಿಸಿದ ನೀರನ್ನು ತಂದೆಗೆ ಕೊಟ್ಟಳು.

"ಇದು ಗೊತ್ತಾಗ್ತದೆ," ಎಂದ ದೇಜಪ್ಪ. "ರುಚಿ ಅಲ್ಲ. ತಂಪು."

ಹರಿಣಾಕ್ಷಿ ಅದನ್ನು ಪಕ್ಕದ ಮನೆಯ ಬರ್ತಾಬಾಯಿಗೆ ಹೇಳಿದಳು. ಬರ್ತಾ ಬಹ್ರೇನಿನ ಒಂದು ಮನೆಯಲ್ಲಿ ಅಡುಗೆಗಿದ್ದು ಊರಿಗೆ ಮರಳಿದವಳು.

"ಚೀಸ್ ಕೇಕು ಮಾಡುವ. ಬೇಯಿಸಲಿಕ್ಕಿಲ್ಲ. ಫ್ರಿಜ್ಜಿನಲ್ಲೇ ಗಟ್ಟಿಯಾಗ್ತದೆ, ಬಾಯಲ್ಲಿಟ್ಟರೆ ಕರಗ್ತದೆ."

"ಚೀಸಿಗೆ ಎಲ್ಲಿಗೆ ಹೋಗುವುದು ಬಾಯಿ?"

"ಮೊಸರು ಇಲ್ವಾ ಮಾರಾಯ್ತಿ?"

ಬರ್ತಾ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದಳು. ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ಚಾಕಲೇಟು ಕರಗಿಸಿ, ಕೆನೆ, ಗಟ್ಟಿಯಾಗಲೆಂದು ಹಾಲಿನಲ್ಲಿ ಕುದಿಸಿದ ಚೈನಾಗ್ರಾಸ್, ಪೆಪ್ಪರಮಿಂಟು ಎಸೆನ್ಸು ಎಲ್ಲ ಸೇರಿಸಿ ಕಡೆದಳು. ಬಿಸ್ಕತ್ತು ಹುಡಿ ಮಾಡಿ ಬೆಣ್ಣೆಯಲ್ಲಿ ಕಲಸಿ ಪಾತ್ರೆಯ ತಳಕ್ಕೆ ಒತ್ತತೊಡಗಿದಾಗ ಹರಿಣಾಕ್ಷಿ ತಡೆದಳು.

"ಹುಡಿ ಅಪ್ಪನಿಗೆ ಆಗುವುದಿಲ್ಲ. ನುಂಗುವಾಗ ಶ್ವಾಸಕ್ಕೆ ಹೋಗ್ತದೆ, ಕೊಡಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ಅಡಿ ಇಲ್ಲದಿದ್ದರೆ ಅದು ಕೇಕಾ? ಅವರಿಗೆ ಮೇಲಿನದ್ದು ಮಾತ್ರ ಕೊಡು. ಅಡಿಯದ್ದನ್ನು ನಾವು ತಿನ್ನುವ."

ಮರುದಿನ ಮಧ್ಯಾಹ್ನ ಹರಿಣಾಕ್ಷಿ ಮೇಲಿನ ಪದರವನ್ನು ಚಮಚದಲ್ಲಿ ತೆಗೆದು ತಿನ್ನಿಸಿದಳು. ದೇಜಪ್ಪ ಕಣ್ಣು ಮುಚ್ಚಿ ನುಂಗಿದ. ಮತ್ತೆ ಬಾಯಿ ತೆರೆದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಂದರಿ ಸೆರಗಿನಿಂದ ಮೂಗು ಒರೆಸಿಕೊಂಡು, ಬರ್ತಾಳ ಪಾತ್ರೆಗಳನ್ನು ಹಿಂದಿರುಗಿಸಲು ಹೋದಳು.

ಅವಳು ಅತ್ತ ಹೋದದ್ದೇ ದೇಜಪ್ಪ ಮಗಳ ಕೈ ಹಿಡಿದ.

"ನನಗೂ ತುಂಡು ಮಾಡಿ ಕೊಡು. ಬಸಿಯಲ್ಲಿ."

"ಬೇಡ ಅಪ್ಪ, ಅಡಿಯಲ್ಲಿ ಬಿಸ್ಕತ್ತು ಉಂಟು."

"ಎಷ್ಟು ತಿಂಗಳಾಯ್ತು ಮಗಾ ಹೀಗೆ ಬಾಯಿ ತೆರೆದು ಕೂತು? ಒಂದು ಸಲ ನನ್ನ ಕೈಯಲ್ಲಿ ತಿನ್ನುತ್ತೇನೆ."

ಅವನ ಸ್ವರದಲ್ಲಿ ಯಾಚನೆಯಿತ್ತು. ಅಂಥ ಸ್ವರವನ್ನು ಅವಳು ತಂದೆಯಿಂದ ಯಾವತ್ತೂ ಕೇಳಿರಲಿಲ್ಲ. ಬೆಣ್ಣೆಗೆ ಬಿಸ್ಕತ್ತು ಮೆತ್ತಗಾಗಿರಬಹುದು ಎಂದುಕೊಂಡು ತೆಳುವಾದ ತುಂಡೊಂದನ್ನು ಕತ್ತರಿಸಿ ಬಸಿಯಲ್ಲಿಟ್ಟಳು. ದೇಜಪ್ಪ ನೆಟ್ಟಗೆ ಕುಳಿತು ಮುರಿದು ತಿಂದ. ಮೊದಲ ತುತ್ತು ಇಳಿಯಿತು. ಅವನು ನಕ್ಕ. ಎರಡನೆಯದಕ್ಕೆ ಕೆಮ್ಮು ಬಂತು, ಆಮೇಲೆ ನಿಲ್ಲಲಿಲ್ಲ. ಮುಖ ನೀಲಿಯಾಯಿತು. ಹರಿಣಾಕ್ಷಿಯ ಕೂಗಿಗೆ ಓಡಿಬಂದವರು ಅವನನ್ನು ರಿಕ್ಷಾಕ್ಕೆ ಎತ್ತಿ ಹಾಕಿದರು.

ಹುಡಿ ಶ್ವಾಸಕೋಶಕ್ಕೆ ಇಳಿದಿತ್ತು. ಜ್ವರ ಏರಿತು. ವಾರ ಕಳೆಯುವ ಮೊದಲೇ ದೇಜಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ.

ಉತ್ತರಕ್ರಿಯೆಯ ಬೊಜ್ಜದ ದಿನ, ನೆಂಟರೆಲ್ಲ ಊಟಕ್ಕೆ ಕುಳಿತಾಗ, ದೇಜಪ್ಪನ ತಮ್ಮ ಶೇಖರ ಎಲೆಯ ಮುಂದಿನಿಂದ ಎದ್ದ.

"ಬಿಸ್ಕತ್ತಿನ ಹುಡಿ ಅಂತ ಡಾಕ್ಟರು ಹೇಳಿದರು. ಅಣ್ಣನಿಗೆ ಅದನ್ನು ಕೊಟ್ಟದ್ದು ಯಾರು?"

ಹರಿಣಾಕ್ಷಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಸುಂದರಿ ಹೇಳಿದಳು:

"ನಾನು."

"ಅಮ್ಮಾ..."

"ನೀನು ಒಳಗೆ ಹೋಗು. ಕೊಡುವಾಗ ನೀನು ಹತ್ತಿರ ಇರಲಿಲ್ಲ."

"ನೀವೇ ಕೊಂದಿರಿ ಅತ್ತಿಗೆ," ಎಂದು ಶೇಖರ ಉಣ್ಣದೆ ಹೊರಟುಹೋದ. ಅವನ ಹಿಂದೆ ಇನ್ನೂ ಕೆಲವರು ಎದ್ದರು. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮೀನು ಮಾರಲು ಸುಂದರಿ ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಸಿದರೆ ಪಕ್ಕದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

"ನಿಜ ಹೇಳಿಬಿಡ್ತೇನೆ ಅಮ್ಮ," ಎಂದು ಹರಿಣಾಕ್ಷಿ ಅತ್ತಾಗೆಲ್ಲ ಸುಂದರಿಯದು ಒಂದೇ ಉತ್ತರ: "ಹೇಳಿದರೆ ಅವರು ಎದ್ದು ಬರ್ತಾರಾ? ನನಗೆ ಜನರ ಮಾತು ಕೇಳಿ ಅಭ್ಯಾಸ ಉಂಟು. ನಿನಗೆ ಇನ್ನೂ ಬದುಕಲಿಕ್ಕುಂಟು."

ಆ ಮಧ್ಯಾಹ್ನ ಏನಾಯಿತೆಂದು ಅವಳು ಮಗಳನ್ನು ಕೆದಕಲಿಲ್ಲ. ಒಮ್ಮೆ ಮಾತ್ರ, ಹಿತ್ತಿಲಲ್ಲಿ ಮೀನು ಕೊಯ್ಯುತ್ತಾ, ತಲೆ ಎತ್ತದೆ ಕೇಳಿದಳು:

"ತಿನ್ನುವಾಗ ಅವರಿಗೆ ಖುಷಿಯಾಗಿತ್ತಾ?"

"ಆಗಿತ್ತು," ಎಂದಳು ಹರಿಣಾಕ್ಷಿ. "ನಕ್ಕಿದ್ದರು."

ಸುಂದರಿ ಮುಂದಿನ ಮೀನಿಗೆ ಕೈ ಹಾಕಿದಳು.