ಮೊದಲ ಬುಟ್ಟಿಯವರೆಗೆ

ಬೂಟಿನ ತಳ ನೆಲಕ್ಕೆ ಅಂಟುತ್ತಿದೆ, ಯಾರೋ ಕೋಲಾ ಚೆಲ್ಲಿದ್ದಾರೆ, ಕಾಲೆತ್ತಿದರೆ ಪಟ್, ಇಟ್ಟರೆ ಮತ್ತೆ ಪಟ್ — ಹೋಬರ್ಟ್ ಇದ್ದಿದ್ದರೆ ಇದು ಗ್ರೇಸ್‌ಬರ್ಗಿನವರದೇ ಕೆಲಸ ಎಂದು ಆಣೆಯಿಟ್ಟು ಹೇಳುತ್ತಿದ್ದರು, ಇಲ್ಲಿ ಹಿಮ ಬಿದ್ದರೂ ಅದು ಗ್ರೇಸ್‌ಬರ್ಗ್ ಕಾಲೇಜಿನವರ ಪಿತೂರಿ ಅವರಿಗೆ, ನಮ್ಮ ರೋವನ್ ಕ್ರೀಕ್ ಹುಡುಗರು ಚೆಂಡು ಕೈಬಿಟ್ಟರೆ ಚೆಂಡಿಗೆ ಎಣ್ಣೆ ಸವರಿದವರೂ ಅವರೇ — ಆದರೆ ಹೋಬರ್ಟ್ ಇಲ್ಲ, ಹದಿಮೂರನೇ ಸಾಲಿನ ಏಳನೇ ಸೀಟು ಮಡಚಿಕೊಂಡೇ ಇದೆ, ಅವರು ಬಾರದ ನಾಲ್ಕನೇ ಪಂದ್ಯ ಇದು, ಎಂಟನೇ ಸೀಟಿನಲ್ಲಿ ನಾನು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದೇನೆ, ಎರಡು ಗಂಟೆಗೆ ಆಟ, ಈಗ ಒಂದೂಮುಕ್ಕಾಲು, ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಬಂದು ಕೋಲಾ ಬಾಟಲಿಗೆ ಉಪ್ಪು ಕಡಲೆಬೀಜ ಸುರಿದುಕೊಂಡು ಅದು ನೊರೆಯುಕ್ಕುವುದನ್ನು ಮಕ್ಕಳ ಹಾಗೆ ನೋಡುತ್ತಾ ಕೂತಿರುತ್ತಿದ್ದರು. ಈ ವರ್ಷಕ್ಕೆ ನಮ್ಮ ಅಂಗಳದಲ್ಲಿ ಇದೇ ಕೊನೆಯ ಬಾಸ್ಕೆಟ್‌ಬಾಲ್ ಪಂದ್ಯ, ಅದೂ ಗ್ರೇಸ್‌ಬರ್ಗಿನ ಮೇಲೆ, ಇವತ್ತೂ ಬರದಿದ್ದರೆ ಇನ್ನು ನವೆಂಬರ್‌ಗೇ, ಅಲ್ಲಿಯವರೆಗೆ ನಾನು ಆಡಿದ ಮಾತನ್ನು ನಾನೇ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಬೇಕು, ಎಂಥ ಮಾತು ಆಡಿಬಿಟ್ಟೆ ನೆಡ್ರಾ, ಬಾಯಿಗೆ ಬೀಗ ಇಲ್ಲವೇನೇ ನಿನಗೆ.

ಅವರು ಕೊನೆಯ ಸಲ ಬಂದ ದಿನ ಜಗಳ ಶುರುವಾಗಿದ್ದು ವಿಕರ್ಸ್‌ನಿಂದ, ಆ ಹುಡುಗನನ್ನು ನಮ್ಮ ಕಾಲೇಜು ಎರಡು ವರ್ಷ ಸಾಕಿ ಬೆಳೆಸಿತು, ಬೇಸಿಗೆ ಮುಗಿಯುವಷ್ಟರಲ್ಲಿ ಗ್ರೇಸ್‌ಬರ್ಗಿನ ಕಿತ್ತಳೆ ಅಂಗಿ ತೊಟ್ಟು ನಿಂತ, ಈಗ ಹಾಗೆ ಹೋಗುವುದಕ್ಕೆ ನಿಯಮವೇ ಇದೆಯಂತೆ, ನಮ್ಮ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು — ಹೋದ್ರೆ ಹೋಗ್ಲಿ ಬಿಡ್ರೀ ನೆಡ್ರಾ, ಇಪ್ಪತ್ತು ವರ್ಷದ ಹುಡುಗ, ಇಲ್ಲಿ ಬೆಂಚು ಬಿಸಿ ಮಾಡ್ತಾ ಕೂತಿದ್ದ, ಅಲ್ಲಿ ಆಡಿಸ್ತಾರೆ. ಉಂಡ ಮನೆಗೆ ಎರಡು ಬಗೆದವನು ಕಣ್ರೀ ಅವನು. ಓಹೋ, ನಮ್ಮ ಶಾಸಕರು ರಾತ್ರೋರಾತ್ರಿ ಪಕ್ಷ ಬದಲಾಯಿಸಿದ್ರಲ್ಲ, ಆಗ ಎಲ್ಲಿತ್ತಮ್ಮಾ ಈ ಗಾದೆ. ಆಗ್ಲೂ ಬೈದಿದ್ದೆ, ನಾನೇನು ಅವನಿಗೆ ಓಟು ಹಾಕಿದೋಳಲ್ಲ, ನೀವು ಹಾಕಿದ್ರಾ. ಹೋಬರ್ಟ್ ಬಾಟಲಿ ಎತ್ತಿ ಬೀಜ ಅಗಿದರು. ಹೇಳ್ರೀ, ಹಾಕಿದ್ರಾ. ನೋಡಿ ನೋಡಿ, ಪ್ರ್ಯಾಟರ್ ಮತ್ತೆ ಫ್ರೀ ಥ್ರೋ ತಪ್ಪಿಸಿದ. ಮಾತು ಹಾರಿಸ್ಬೇಡಿ, ಮಕ್ಕಳ ಬೆಳಗಿನ ತಿಂಡಿಗೆ ಕತ್ತರಿ ಹಾಕಿದ್ರು ಅವನ ಪಕ್ಷದವರು, ನನ್ನ ಶಾಲೆ ಅಡುಗೆಮನೇಲಿ ಇಬ್ಬರನ್ನ ಮನೆಗೆ ಕಳಿಸಿದ್ರು, ಎಂಟೂವರೆಗೆ ಬಂದು ಕಿಟಕಿ ಹತ್ರ ನಿಂತ್ಕೊಳ್ಳೋ ಮಕ್ಕಳ ಮುಖ ನೋಡೋಳು ನಾನು, ನನಗೆ ಗೊತ್ತಾಗ್ಬೇಕು, ಇಪ್ಪತ್ತೆರಡು ವರ್ಷದಿಂದ ಯಾರ ಪಕ್ಕ ಕೂತಿದೀನಿ ಅಂತ. ಆಗಲೂ ನಕ್ಕರು, ಆ ನಗು ನನ್ನ ನೆತ್ತಿಗೇರಿತು — ಓಟು ಹಾಕಿದ್ದನ್ನ ಹೇಳೋಕೆ ಹೆದರೋರು ನಾಚಿಕೆಗೆಟ್ಟ ಕೆಲಸಾನೇ ಮಾಡಿರ್ತಾರೆ, ಇಂಥೋರ ಪಕ್ಕ ಕೂರೋಕಿಂತ ಖಾಲಿ ಸೀಟು ವಾಸಿ ಅಂದುಬಿಟ್ಟೆ. ಹೋಬರ್ಟ್ ಅಗಿಯುವುದನ್ನು ನಿಲ್ಲಿಸಿದರು. ಆಟ ಮುಗಿಯುವವರೆಗೂ ಕೂತಿದ್ದು, ಟೋಪಿ ತೆಗೆದು, ಬರ್ತೀನಿ ನೆಡ್ರಾ ಎಂದು ಮೆಟ್ಟಿಲಿಳಿದು ಹೋದರು, ಎಂದಿನಂತೆ ಕಂಬಿ ಹಿಡಿದುಕೊಂಡೇ ಇಳಿದರೋ ಅಥವಾ ಅವತ್ತು ಮಾತ್ರವೋ ಎಂದು ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಬೇಡಿದ್ದು ಸಿಕ್ಕಿತು, ಖಾಲಿ ಸೀಟು. ಎರಡನೇ ಪಂದ್ಯಕ್ಕೂ ಬರದಿದ್ದಾಗ ಟಿಕೆಟ್ ಕಿಟಕಿಯಲ್ಲಿ ಕೇಳಿದೆ, ಹೆಸರು ವಿಳಾಸ ಕೊಡೋ ಹಾಗಿಲ್ಲ ಮೇಡಂ ಎಂದಿತು ಆ ಹುಡುಗಿ, ಸರಿ, ಟೆಲಿಫೋನ್ ಪುಸ್ತಕ ತೆಗೆದೆ, ಹೋಬರ್ಟ್ ಮನೆತನದ ಹೆಸರು ಸ್ಲೋನ್, ಆ ಹೆಸರಿನವರು ಐವರು, ನಾಲ್ವರಿಗೆ ಹೋಬರ್ಟ್ ಗೊತ್ತಿಲ್ಲ, ಐದನೆಯದು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಅಲ್ಲ, ಇಪ್ಪತ್ತೆರಡು ವರ್ಷ ಪಕ್ಕ ಕೂತ ಮನುಷ್ಯನ ನಂಬರು ನನ್ನ ಹತ್ತಿರ ಇಲ್ಲ ಎಂದರೆ ಯಾರಾದರೂ ನಂಬುತ್ತಾರಾ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅವರು ಇದ್ದರು, ಏಪ್ರಿಲ್‌ನಲ್ಲಿ ಏನು ಮಾಡುತ್ತಾರೆ, ತರಕಾರಿ ಬೆಳೆಯುತ್ತಾರಾ, ಮೀನು ಹಿಡಿಯುತ್ತಾರಾ, ಕನ್ನಡಕ ತೆಗೆದರೆ ಹೇಗೆ ಕಾಣುತ್ತಾರೆ — ನನಗೆ ಗೊತ್ತಿರುವುದು ಮೂರೇ ಮೂರು, ಅವರ ಹೆಂಡತಿ ಲುವೆಲಾ, ಆಕೆ ತೀರಿಹೋದ ಮೂರನೇ ದಿನಕ್ಕೆ ಅವರು ಬೀಜದ ಪೊಟ್ಟಣ ಹಿಡಿದು ಈ ಸೀಟಿಗೆ ಬಂದರು, ಮತ್ತೆ ಆ ಹಸಿರು ಸ್ವೆಟರು, ಬಲ ಮೊಣಕೈ ಹತ್ತಿರ ತೂತು ಬಿದ್ದಾಗ ಲುವೆಲಾ ಕೈಗೆ ಸಿಕ್ಕಿದ ಕಂದು ನೂಲಿನಲ್ಲೇ ಹೊಲಿದದ್ದು. ಆ ತೇಪೆ ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ಇಲ್ಲಿ ನಮ್ಮವರು ಮೊದಲ ಬುಟ್ಟಿ ಹಾಕುವವರೆಗೆ ಯಾರೂ ಕೂರುವಂತಿಲ್ಲ, ನಮ್ಮಜ್ಜನ ಕಾಲದಿಂದಲೂ ಹೀಗೇ, ಎಂಟು ಸಾವಿರ ಜನ ನಿಂತು ಚಪ್ಪಾಳೆ ಹೊಡೆಯುತ್ತಲೇ ಇರಬೇಕು, ನಮ್ಮ ತಂಡದ ಹೆಸರೇ ಹೇಸರಗತ್ತೆಗಳು, ಹೆಸರಿಗೆ ತಕ್ಕ ಹಾಗೆ ಒಂದು ವರ್ಷ ಆರು ನಿಮಿಷ ಬುಟ್ಟಿಯೇ ಹಾಕಲಿಲ್ಲ, ಮೂವತ್ತು ವರ್ಷ ಒಲೆಯ ಮುಂದೆ ನಿಂತ ನನ್ನ ಎಡ ಮಂಡಿ ಎರಡನೇ ನಿಮಿಷಕ್ಕೇ ನಡುಗತೊಡಗಿತು, ಆಗ ಹೋಬರ್ಟ್ ನನ್ನ ಕಡೆ ನೋಡದೆ, ಚಪ್ಪಾಳೆ ನಿಲ್ಲಿಸಿ, ಬಲ ಮೊಣಕೈಯನ್ನು ಇಷ್ಟೇ ಇಷ್ಟು ಹೊರಗೆ ಚಾಚಿದರು, ನಾನು ಹಿಡಿದುಕೊಂಡೆ. ಅಂದಿನಿಂದ ಪ್ರತಿ ಪಂದ್ಯಕ್ಕೂ. ಅವರೂ ಅದರ ಮಾತೆತ್ತಲಿಲ್ಲ, ನಾನೂ ಥ್ಯಾಂಕ್ಸ್ ಅನ್ನಲಿಲ್ಲ, ಅಂದರೆ ಅದು ಉಪಕಾರವಾಗಿಬಿಡುತ್ತಿತ್ತು. ಹೋದ ಪಂದ್ಯದಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದು ನಿಂತೆ, ಆಗಲಿಲ್ಲ, ಬುಟ್ಟಿ ಬೀಳುವ ಮೊದಲೇ ಕೂತುಬಿಟ್ಟೆ, ಹಿಂದಿನ ಸಾಲಿನವರು ಚರ್ಚಿನಲ್ಲಿ ಉಗುಳಿದವಳನ್ನು ನೋಡುವಂತೆ ನೋಡಿದರು.

ಎಕ್ಸ್‌ಕ್ಯೂಸ್ ಮಿ ಮೇಡಂ, ಸ್ವಲ್ಪ ದಾರಿ ಬಿಡ್ತೀರಾ — ಕಿತ್ತಳೆ, ಕಣ್ಣು ಕುಕ್ಕುವ ಕಿತ್ತಳೆ ಅಂಗಿ, ಎದೆಯ ಮೇಲೆ ಇಷ್ಟಗಲ ಗ್ರೇಸ್‌ಬರ್ಗ್ ಎಂದು ಬರೆದಿದೆ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ, ಪಟ್ ಪಟ್ ಎಂದು ನನ್ನ ಮಂಡಿ ದಾಟಿ ಏಳನೇ ಸೀಟನ್ನು ಕೆಳಗೆ ಬಿಡಿಸಿ ಕೂತೇಬಿಟ್ಟಳು, ಅಂದರೆ ಸೀಟನ್ನು ಕೊಟ್ಟೇಬಿಟ್ಟರು, ಅದೂ ಯಾರಿಗೆ, ಗ್ರೇಸ್‌ಬರ್ಗಿನವರಿಗೆ, ನನ್ನ ಮೇಲಿನ ಸಿಟ್ಟಿಗೆ ಮನೆ ಸುಟ್ಟುಕೊಂಡಂತೆ ಆಯಿತಲ್ಲ ಹೋಬರ್ಟ್ — ಈ ಸೀಟು ಯಾರದು ಗೊತ್ತೇನಮ್ಮಾ ನಿನಗೆ. ಗೊತ್ತು ಮೇಡಂ. ಗೊತ್ತಿದ್ದೂ ಆ ಬಣ್ಣ ಹಾಕ್ಕೊಂಡು ಕೂತಿದೀಯಾ, ಇದು ಮರ್ಯಾದಸ್ಥರ ಸಾಲು, ಈ ಸೀಟಲ್ಲಿ ಕೂರೋ ಮನುಷ್ಯ ಇಪ್ಪತ್ತೆರಡು ವರ್ಷ ಒಂದೂ ಪಂದ್ಯ ತಪ್ಪಿಸಿಲ್ಲ, ಎಷ್ಟಕ್ಕೆ ತಗೊಂಡೆ ಹೇಳು. ಹುಡುಗಿ ನನ್ನನ್ನೇ ದಿಟ್ಟಿಸಿ ನೋಡಿದಳು, ಸಿಟ್ಟಿಲ್ಲ, ಏನೋ ಹೊಂದಿಸಿ ನೋಡುವವರ ಹಾಗೆ, ಆಮೇಲೆ ಮಡಿಲಲ್ಲಿದ್ದ ಕೋಟಿನ ಜೇಬಿನಿಂದ ಉಪ್ಪು ಕಡಲೆಬೀಜದ ಪೊಟ್ಟಣ ತೆಗೆದಳು. ನೀವೇ ಅಲ್ವಾ ನೆಡ್ರಾ. ನಾನು ಡೆಲೇನಿ, ಹೋಬರ್ಟ್ ಸ್ಲೋನ್ ನಮ್ಮ ತಾತ.

ಕೆಳಗೆ ಬ್ಯಾಂಡು ಬಾರಿಸುತ್ತಿದೆ, ಕೊನೆ ವರ್ಷದ ಆಟಗಾರರನ್ನು ಅವರವರ ಅಪ್ಪ ಅಮ್ಮನ ಜೊತೆ ಅಂಗಳದ ನಡುವೆ ಕರೆಯುತ್ತಿದ್ದಾರೆ, ಪ್ರ್ಯಾಟರ್ ತನ್ನ ಸೊಂಟಕ್ಕೂ ಬಾರದ ಅಮ್ಮನ ಕೈಹಿಡಿದು ಬರುತ್ತಿದ್ದಾನೆ, ನಾಲ್ಕು ವರ್ಷ ಎಲ್ಲಿಗೂ ಹೋಗದೆ ಇಲ್ಲೇ ಉಳಿದವನು, ಫ್ರೀ ಥ್ರೋ ತಪ್ಪಿಸುತ್ತಾ ತಪ್ಪಿಸುತ್ತಾ ಉಳಿದವನು, ಬೇರೆ ದಿನವಾಗಿದ್ದರೆ ನಾನು ಅಳುತ್ತಿದ್ದೆ, ಈಗ ನನ್ನ ಕಿವಿಯೆಲ್ಲ ಈ ಹುಡುಗಿಯ ಕಡೆ — ತಾತನಿಗೆ ಸ್ಟ್ರೋಕ್ ಆಯ್ತು ಮೇಡಂ, ಆಸ್ಪತ್ರೇಲಿದಾರೆ, ಕೊನೇ ಸಲ ಪಂದ್ಯ ನೋಡಿ ಬಂದ್ರಲ್ಲ, ಅದರ ಮಾರನೇ ಸೋಮವಾರ, ತೋಟದ ಸಾಮಾನಿನ ಕೋಣೇಲಿ ಬಿದ್ದಿದ್ರು. ಸೋಮವಾರ, ನಾನು ಅಂದದ್ದು ಶನಿವಾರ, ನಡುವೆ ಒಂದು ಭಾನುವಾರ, ಆ ಭಾನುವಾರ ಅವರು ಏನು ಯೋಚಿಸುತ್ತಿದ್ದರು, ಕೇಳಲಾ, ಕೇಳಬಾರದು, ಇವಳಿಗೇನು ಗೊತ್ತಿರುತ್ತದೆ, ಮಾತಾಡ್ತಾರಾ ಎಂದಷ್ಟೇ ಕೇಳಿದೆ. ಇಲ್ಲ, ಸದ್ಯಕ್ಕೆ ಇಲ್ಲ, ಆದ್ರೆ ಎಡಗೈಲಿ ಬರೀತಾರೆ, ಒಂದು ಸಾಲಿಗೆ ಅರ್ಧ ಗಂಟೆ, ನಿನ್ನೆ ಪೂರ್ತಿ ನಿಮಗೇ ಬರೆದ್ರು, ನೋಡಿ — ಆಸ್ಪತ್ರೆಯ ಊಟದ ಚೀಟಿಯ ಹಿಂಬದಿ, ಒಂದನೇ ತರಗತಿ ಮಕ್ಕಳ ಹಾಗೆ ಸೊಟ್ಟ ಸೊಟ್ಟ ಅಕ್ಷರ, ಖಾಲಿ ಸೀಟು ವಾಸಿ ಅಂದ್ರಲ್ಲ, ಖಾಲಿ ಬಿಡಲ್ಲ, ಮೊಮ್ಮಗಳನ್ನ ಕಳಿಸ್ತಿದೀನಿ, ಬೇಕಂತಲೇ ಕಿತ್ತಳೆ ಹಾಕಿಸಿ ಕಳಿಸ್ತಿದೀನಿ, ಮೈ ಉರೀಲಿ. ಅಯ್ಯೋ ಮುದುಕಾ. ನಗು ಬಂತು, ನಗುವಿನ ಜೊತೆ ಮೂಗಿನಿಂದ ನೀರೂ ಬಂತು, ಕೋಟಿನ ತೋಳಿಗೆ ಒರೆಸಿಕೊಂಡೆ, ಅಷ್ಟಾದರೂ ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ — ಅಲ್ಲಮ್ಮಾ ಡೆಲೇನಿ, ನಿಮ್ಮ ತಾತ ಓಟು ಯಾರಿಗೆ ಹಾಕಿದ್ರು. ಹುಡುಗಿ ಜೋರಾಗಿ ನಕ್ಕಳು, ಅದನ್ನ ತಾತ ಅಜ್ಜಿಗೂ ಹೇಳಿಲ್ಲ ಮೇಡಂ, ಅಜ್ಜಿ ಸಾಯೋ ಹಿಂದಿನ ದಿನಾನೂ ಕೇಳಿದ್ರು, ತಾತ ಕಿಟಕಿ ತೋರಿಸಿ, ಲುವೆಲಾ ಹಿಮ ಬೀಳ್ತಿದೆ ನೋಡು ಅಂದ್ರಂತೆ. ನನಗೂ ಹಾಗೇ ಮಾತು ಹಾರಿಸಿದ್ದರಲ್ಲ, ನೋಡಿ ನೋಡಿ, ಪ್ರ್ಯಾಟರ್ ಮತ್ತೆ ಫ್ರೀ ಥ್ರೋ ತಪ್ಪಿಸಿದ. ಹಾಗಾದರೆ ಹೆದರಿಕೆಯಲ್ಲ, ನಾಚಿಕೆಯೂ ಅಲ್ಲ, ಮತ್ತೇನು, ಏನಿರಬಹುದು, ಯಾಕೆ ಒಬ್ಬ ಮನುಷ್ಯ ಅದೊಂದನ್ನು ಮಾತ್ರ ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತಾನೆ — ಹೋಗಿ ಕೇಳಬೇಕು, ಕೇಳಿದರೆ ಅರ್ಧ ಗಂಟೆ ಕೂತು ಎಡಗೈಯಲ್ಲಿ ಹಿಮ ಬೀಳ್ತಿದೆ ಎಂದು ಬರೆಯುತ್ತಾರೆ, ಬರೆಯಲಿ, ನಾನು ಕಾಯುತ್ತೇನೆ.

ಎಲ್ಲರೂ ಎದ್ದರು. ಸೀಟುಗಳೆಲ್ಲ ಒಂದೇ ಸಲ ದಡದಡ ಮಡಚಿಕೊಂಡವು, ಎಂಟು ಸಾವಿರ ಜನರ ಚಪ್ಪಾಳೆ, ನಾನೂ ಎದ್ದೆ, ಚೆಂಡು ಗಾಳಿಗೆ ಹಾರಿತು, ವಿಕರ್ಸ್ ಕೈಗೆ ಸಿಕ್ಕಿತು, ಬುಟ್ಟಿಗೂ ಹಾಕಿದ, ಹಾಳಾಗಿ ಹೋಗ, ಅವರು ಎರಡು ನಾವು ಸೊನ್ನೆ, ನಮ್ಮವರು ಒಂದು ತಪ್ಪಿಸಿದರು, ಎರಡು ತಪ್ಪಿಸಿದರು, ಚೆಂಡನ್ನೇ ಹೊರಗೆ ಎಸೆದರು, ನಾಲ್ಕು ಸೊನ್ನೆ, ಚಪ್ಪಾಳೆ ಚಪ್ಪಾಳೆ, ಎಡ ಮಂಡಿ ಮೆಲ್ಲಗೆ ನಡುಗತೊಡಗಿದೆ, ಗ್ರೇಸ್‌ಬರ್ಗಿನವರಿಗೆ ನಿಲ್ಲುವ ಕಟ್ಟುಪಾಡಿಲ್ಲ, ಅವರ ಮೂಲೆಯಲ್ಲಿ ಎಲ್ಲರೂ ಆರಾಮಾಗಿ ಕೂತಿದ್ದಾರೆ, ಇವಳೇಕೆ ನಿಂತಿದ್ದಾಳೆ, ಕೂತ್ಕೋಮ್ಮಾ ನೀನು, ನಿಂಗೇನು. ಹುಡುಗಿ ನನ್ನ ಕಡೆ ನೋಡಲಿಲ್ಲ, ಆಟ ನೋಡುತ್ತಲೇ ಬಲ ಮೊಣಕೈಯನ್ನು ಇಷ್ಟೇ ಇಷ್ಟು ಹೊರಗೆ ಚಾಚಿದಳು. ಚೀಟಿ ಕೆಳಗಡೆ ಇನ್ನೊಂದು ಸಾಲಿದೆ ಮೇಡಂ, ನೀವು ಓದ್ಲಿಲ್ಲ. ಬಿಡಿಸಿ ನೋಡಿದೆ, ಎಡ ಮಂಡಿ, ಮೊದಲ ಬುಟ್ಟಿವರೆಗೆ, ಅಷ್ಟೇ, ಆ ಸಾಲು ಬರೆದದ್ದು ಅವಳಿಗೆ, ನನಗಲ್ಲ. ಹಿಡಿದುಕೊಂಡೆ. ಚಳಿಗೆ ತಣ್ಣಗಾದ ಅಂಗಿ, ಒಳಗೆ ಹಕ್ಕಿಯ ಎಲುಬಿನಂಥ ಸಣ್ಣ ಕೈ. ಬರ್ತೀರಾ ಮೇಡಂ ನೋಡೋಕೆ, ನಾಲ್ಕರಿಂದ ಆರರವರೆಗೆ ಬಿಡ್ತಾರೆ, ಇಲ್ಲಿಂದಲೇ ಒಟ್ಟಿಗೆ ಹೋಗ್ಬಹುದು, ಈಗ ಟೀವೀಲಿ ಇದನ್ನೇ ನೋಡ್ತಿರ್ತಾರೆ, ನೋಡ್ತಾ ಎದ್ದು ನಿಲ್ಲೋಕೆ ಹೋಗ್ತಾರಂತೆ, ನರ್ಸ್ ಬೈತಾರೆ, ಒಂದು ಕಡೆ ಏನೂ ಏಳಲ್ಲ ಅವರಿಗೆ. ಯಾವ ಕಡೆ, ಎಂದೆ. ಬಲಗಡೆ.

ಬಲಗಡೆ — ಚಪ್ಪಾಳೆ ದೂರ ಹೋಯಿತು, ಎಲ್ಲೋ ಗುಡ್ಡದಾಚೆ ಮಳೆ ಹೊಯ್ದಂತೆ ಕೇಳುತ್ತಿದೆ, ಪ್ರ್ಯಾಟರ್ ಕೈಗೆ ಚೆಂಡು ಬಂತು, ಎತ್ತಿದ, ಎಸೆದ, ಚೆಂಡು ಕಬ್ಬಿಣದ ರಿಂಗಿಗೆ ತಾಗಿ ಮೇಲೆ ಹಾರಿ ಮತ್ತೆ ರಿಂಗಿನ ಅಂಚಿಗೇ ಬಂದು ಸುತ್ತತೊಡಗಿತು, ಎಂಟು ಸಾವಿರ ಜನ ಬೀಳು ಬೀಳು ಎನ್ನುತ್ತಿದ್ದಾರೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮವರ ಚೆಂಡಿಗೆ ನಾನು ಬೀಳಬೇಡ ಎನ್ನುತ್ತಿದ್ದೇನೆ, ಬಿದ್ದರೆ ಎಲ್ಲರೂ ಕೂರುತ್ತಾರೆ, ಆಸ್ಪತ್ರೆಯ ಹಾಸಿಗೆಯಲ್ಲಿ ಏಳಲು ಹೊರಟ ಮುದುಕನೂ ಹಿಂದಕ್ಕೆ ಒರಗುತ್ತಾನೆ, ನಾನು ಈ ಕೈ ಬಿಡಬೇಕಾಗುತ್ತದೆ, ಇನ್ನೊಂದು ಸುತ್ತು, ಬೀಳಬೇಡ, ಇನ್ನೊಂದೇ ಒಂದು ಸುತ್ತು, ಅಲ್ಲಿಯವರೆಗೆ ನಿಂತಿರೋಣ — ಕಣ್ಮುಂದೆ ಅದೇ ಹಸಿರು ಸ್ವೆಟರು, ಇಷ್ಟೇ ಇಷ್ಟು ಹೊರಗೆ ಚಾಚಿದ ಬಲ ಮೊಣಕೈ, ಅದರ ಮೇಲೆ ಲುವೆಲಾ ಹೊಲಿದ ಕಂದು ನೂಲಿನ ತೇಪೆ