ಮೋಡವೆಂದು ಬರೆದ ಕಡಲು

ಮತ್ತೆ ಬಿಳಿ, ಪರದೆಯ ಮೇಲೆ ಕರಾವಳಿಯುದ್ದಕ್ಕೂ ಬಿಳಿ ಚೌಕಗಳು, ಕಂಪ್ಯೂಟರಿಗೆ ಅರ್ಥವಾಗದ್ದೆಲ್ಲ ಮೋಡ, ಪಾಚಿ ತೀರಾ ದಟ್ಟವಾದರೆ ಅದೂ ಮೋಡವೇ, ಬಿಳಿ ಬಳಿದು ಕೈತೊಳೆದುಕೊಳ್ಳುತ್ತದೆ — ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿದೆ, ಹತ್ತೂವರೆಗೆ ಉಪಗ್ರಹ ದಾಟಿಹೋದಾಗಲೂ ಇದೇ ಆಕಾಶ, ಹತ್ತಿಯ ಎಳೆಯಷ್ಟು ಮೋಡವೂ ಇರಲಿಲ್ಲ. ಬಿಳಿ ತೆಗೆದು ಕಚ್ಚಾ ಚಿತ್ರ ತೆರೆದೆ, ಇದೆ, ಕೊಲ್ಲಿಯ ಬಾಯಲ್ಲಿ ಪಾಚಿಯ ಕಂದುಗೆಂಪು ಪಟ್ಟೆ, ನಿನ್ನೆಯದರ ಎರಡರಷ್ಟು ಅಗಲ, ಜನ ತಿನ್ನಲು ಚಿಪ್ಪು ಆರಿಸುವ ಬಂಡೆಗಳತ್ತ ತಿರುಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವಂತೆ, ನಮ್ಮ ಕನ್ನಡಿ ಎಂಟುನೂರು ಕಿಲೋಮೀಟರ್ ಮೇಲಿದೆ, ಆದರೂ ಸಾಹೇಬರಿಗೆ ಹುಣ್ಣು ಕಾಣುವುದಿಲ್ಲ. ನೋಡಮ್ಮ, ಮೋಡ ಅಂತ ಬರೆದುಬಿಡು, ನಾಳೆಯಿಂದ ಚಿಪ್ಪಿನ ಸೀಸನ್ನು, ನೀರಿನ ಸ್ಯಾಂಪಲ್ ರಿಪೋರ್ಟ್ ಬರೋಕೆ ನಾಲ್ಕು ದಿನ ಬೇಕು, ಅಷ್ಟರಲ್ಲಿ ಯಾಕೆ ಸುಮ್ಮನೆ ಜನರ ಹೊಟ್ಟೆ ಮೇಲೆ ಹೊಡೀತೀಯ — ಹೊಟ್ಟೆ ಮೇಲಂತೆ, ಹೊಟ್ಟೆಯೊಳಗೆ ಏನು ಹೋಗುತ್ತದೆಂದು ಇವರು ಕೇಳುವುದಿಲ್ಲ. ಹೋದ ವರ್ಷ ಅಕ್ಕನೂ ಕೇಳಲಿಲ್ಲ, ಮೂರು ಸಲ ಕುದಿಸಿದ್ದೀನಿ ಕಣೇ, ಏನೂ ಆಗಲ್ಲ, ನೀನು ಚಿಪ್ಪು ತಿನ್ನದೆ ಕೆಟ್ಟೆ ಎಂದು ರೇಗಿಸಿದಳು, ಪಾಚಿಯಿಂದ ಚಿಪ್ಪಿಗಿಳಿದದ್ದು ಕುದಿಸಿದರೆ ಹೋಗುವ ವಿಷವಲ್ಲ, ಆಮೇಲೆ ತುಟಿ ಜುಮ್ಮೆನ್ನುತ್ತಿದೆ, ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ಹಾಗಿದೆ ಎಂದು ನಕ್ಕಳು, ನಾನೂ ನಕ್ಕೆ, ಲೋಟ ಕೊಟ್ಟೆ, ನೀರು ಒಳಗೆ ಹೋಗಲಿಲ್ಲ, ತುಟಿಯಂಚಿನಿಂದ ಗದ್ದಕ್ಕೆ ಇಳಿಯಿತು. ಸಂಜೆಯೊಳಗೆ ಉಸಿರು ನಿಂತಿತು.

ಸಾಹೇಬರು ಬಾಗಿಲಲ್ಲಿ, ಏನಮ್ಮ, ಸಹಿ ಹಾಕಿದ್ಯಾ. ಹಾಕ್ತೀನಿ ಸಾರ್, ಮೋಡಕ್ಕಲ್ಲ. ನಾಳೆ ತಪ್ಪಾದ್ರೆ ನಿನ್ನ ತಲೆ ಮೇಲೇ ಬರುತ್ತೆ. ಬರಲಿ, ತಪ್ಪಾದ್ರೆ ನಾಲ್ಕು ದಿನ ಚಿಪ್ಪು ಬಂಡೆಗೆ ಅಂಟಿಕೊಂಡಿರುತ್ತೆ, ಎಲ್ಲೂ ಓಡಿಹೋಗಲ್ಲ — ಎಂಥ ಮಾತಾಡಿದೆ, ಹದಿನಾರು ವರ್ಷದಲ್ಲಿ ಇವರೆದುರು ಹೀಗೆ ಮಾತಾಡಿರಲಿಲ್ಲ, ಚೆನ್ನಾಗಿದೆ, ಇನ್ನೂ ಮಾತಾಡಬೇಕು. ಅವರು ದನಿ ತಗ್ಗಿಸಿದರು, ಹೋದ ವರ್ಷ ಇಂಥದೇ ಪಟ್ಟೆಗೆ ನೀನೇ ಮೋಡ ಅಂತ ಬರೆದಿದ್ದೆಯಲ್ಲಮ್ಮ.

ಬರೆದಿದ್ದೆ, ಹೌದು, ಆಗ ಹಾಗೆ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಪರದೆ ಬಿಳಿಯಾಗಿತ್ತು, ಒಂದು ಸಲ ತಲೆಯೆತ್ತಿ ಕಿಟಕಿಯಾಚೆ ನೋಡಲಿಲ್ಲ, ಎರಡು ದಿನ ರಜೆ ಹಾಕಿ ಅದೇ ಕೊಲ್ಲಿಯ ದಡದ ಅಕ್ಕನ ಮನೆಗೆ ಹೊರಡುವ ಅವಸರ, ಸಹಿ ಗೀಚಿ ಬಸ್ಸು ಹಿಡಿದೆ. ಅದಕ್ಕೇ ಸಾರ್, ಅದಕ್ಕೇ ಈ ಸಲ ಬರೆಯುವುದಿಲ್ಲ, ನೀವು ತಲೆಕೆಳಗಾಗಿ ನಿಂತರೂ ಬರೆಯುವುದಿಲ್ಲ — ಗುಂಡಿ ಒತ್ತಿದೆ, ಎಚ್ಚರಿಕೆ ಹೋಯಿತು, ಬಂದರಿಗೆ, ಮಾರುಕಟ್ಟೆಗೆ, ಆಸ್ಪತ್ರೆಗಳಿಗೆ, ಕೆಂಪು ಪಟ್ಟೆ, ಚಿಪ್ಪು ಮುಟ್ಟಬೇಡಿ, ಕೆಳಗೆ ನನ್ನ ಸಹಿ. ಸಾಹೇಬರ ಫೋನು ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ಯಾರೇ ಕೇಳಲಿ, ನೋಡಿದೆ, ಬರೆದೆ ಎನ್ನುತ್ತೇನೆ, ಬೇಕಾದರೆ ಹೋದ ವರ್ಷದ್ದನ್ನೂ ತೆಗೆದು ತೋರಿಸುತ್ತೇನೆ, ಆ ತಾರೀಕು, ಆ ಬಿಳಿ, ಆ ಸಹಿ — ಕುಡಿ ಅಕ್ಕ, ಇನ್ನೊಂದು ಗುಟುಕು, ಲೋಟ ನಾನು ಹಿಡಿದಿದ್ದೀನಿ, ಕುಡಿ, ನೀರು ಒಳಗೆ ಹೋಗುತ್ತಿಲ್ಲ, ಗದ್ದಕ್ಕೆ ಇಳಿಯುತ್ತಿದೆ, ಗದ್ದಕ್ಕೆ.