ಸಂಜೆ ಅಂತ ಬರೆದುಕೊಡಿ

ಆಳೆತ್ತರದ ಕನ್ನಡಿ ಒಂದಕ್ಕೆ ನಾಲ್ಕು ಸಾವಿರದ ಮುನ್ನೂರು. ಮಣಿಕಟ್ಟಿನ ಆಪರೇಷನ್, ಒಳಗಿಟ್ಟ ತಗಡು, ಐದು ಸ್ಕ್ರೂ ಸೇರಿ ತೊಂಬತ್ತೆರಡು ಸಾವಿರ. ನಾಲ್ಕು ತಿಂಗಳು ಕೈಕಟ್ಟಿ ಕೂತು ಕಳೆದುಕೊಂಡ ದುಡಿಮೆ ಹತ್ತಿರ ಹತ್ತಿರ ಒಂದು ಲಕ್ಷ. ಎದುರಿನ ಸೋಫಾ ಅಂಗಡಿಯವನು ಕಾರಿಗೆ ವಿಮೆ ಕಟ್ಟದೆ ಉಳಿಸಿಕೊಂಡದ್ದು ಏಳು ಸಾವಿರದ ಇನ್ನೂರು.

ನಮ್ಮದು ಗಾಜಿನಂಗಡಿ. ಗಾಜು ಕತ್ತರಿಸುವುದು ನನ್ನ ಗಂಡ, ಗಲ್ಲಾದಲ್ಲಿ ಕೂರುವುದು ನಾನು. ಆ ದಿನ ಬೆಳಿಗ್ಗೆ ಹತ್ತೂ ಹತ್ತಕ್ಕೆ ಅವರು ಕನ್ನಡಿ ಹಿಡಿದು ರಸ್ತೆ ದಾಟುತ್ತಿದ್ದಾಗ, ಸೋಫಾ ಅಂಗಡಿಯವನು ಹಿಂದೆ ನೋಡದೆ ಕಾರನ್ನು ಹಿಂದಕ್ಕೆ ತೆಗೆದ. ಕನ್ನಡಿ ಪುಡಿಪುಡಿ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಇದ್ದದ್ದು ಇದ್ದ ಹಾಗೆ ಹೇಳಬೇಕು: ಅವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವನೂ ಅವನೇ. ಅಲ್ಲಿಯ ಫಾರಂ ತುಂಬಿದವನೂ ಅವನೇ.

ಮೂರನೆಯ ದಿನ ಒಂದು ಕಾಗದ ಹಿಡಿದು ನಮ್ಮ ಮನೆಗೆ ಬಂದ.

"ಅಕ್ಕ, ಆವತ್ತೇ ಓಡಿಹೋಗಿ ವಿಮೆ ಕಟ್ಟಿಬಿಟ್ಟೆ. ಮಧ್ಯಾಹ್ನ ಒಂದೂವರೆಯಿಂದ ಲೆಕ್ಕ. ಪೆಟ್ಟು ಬಿದ್ದಿದ್ದು ಸಂಜೆ ಅಂತ ಬರೆದುಕೊಡಿ ಸಾಕು. ಕಂಪನಿ ಕೊಡುತ್ತೆ. ನೀವೂ ಉಳೀತೀರಿ, ನಾನೂ ಉಳೀತೀನಿ."

"ಬೆಳಿಗ್ಗೆ ಮುರಿದ ಕೈ ಸಂಜೆವರೆಗೆ ಎಲ್ಲಿತ್ತಪ್ಪ? ಅಂಗಡೀಲಿ ಗಾಜು ಒರೆಸ್ತಿತ್ತಾ?" ಎಂದೆ.

ಅತ್ತೆ ಮೂಲೆಯಿಂದ ಕಿಸಕ್ಕೆಂದರು. ನನ್ನ ಗಂಡ ಮಾತ್ರ ನಗಲಿಲ್ಲ. "ಹೋಗ್ಲಿ ಬಿಡೇ. ಎದುರು ಅಂಗಡಿಯವನು. ದಿನಾ ಮುಖ ನೋಡ್ಬೇಕು."

"ಮುಖ ನೋಡ್ಕೊಳ್ಳೋಕೆ ಅಂಗಡಿ ತುಂಬ ಕನ್ನಡಿ ಇದೆ. ಮೊದಲು ಅದರಲ್ಲಿ ನಮ್ಮ ಮುಖ ನೋಡ್ಕೊಳ್ಳೋ ಹಾಗಿರ್ಬೇಕು, ರೀ."

ಸೋಫಾ ಅಂಗಡಿಯವನ ದನಿ ಬದಲಾಯಿತು. "ಹಟ ಮಾಡಿದ್ರೆ ನಿಮಗೇ ನಷ್ಟ. ವಿಮೆ ಇಲ್ಲ ಅಂತಾದ್ರೆ ಕಂಪನಿ ಕೈ ಎತ್ತುತ್ತೆ. ಆಮೇಲೆ ಯಾರನ್ನ ಕೇಳ್ತೀರಿ?"

"ನಿನ್ನನ್ನ," ಎಂದೆ. "ವಿಮೆ ಇಲ್ಲ ಅಂದ ಮಾತ್ರಕ್ಕೆ ಹೊಣೆ ತಪ್ಪುತ್ತಾ ತಮ್ಮ? ಹೆಗಲು ಕೊಡೋಕೆ ಯಾರೂ ಇಲ್ಲ, ಅಷ್ಟೇ. ಪೂರ್ತಿ ನೀನೇ ಹೊರಬೇಕು."

"ನನ್ನ ಹತ್ರ ಏನಿದೆ ಅಂತ?"

"ಕಾರಿದೆಯಲ್ಲ. ಹೊರಗೆ ನಮ್ಮ ಬಾಗಿಲಿಗೆ ಅಡ್ಡ ನಿಂತಿದೆ ನೋಡು."

ಅವನು ನನ್ನನ್ನು ಬಿಟ್ಟು ನನ್ನ ಗಂಡನ ಎಡಗೈಗೆ ಪೆನ್ನು ಕೊಟ್ಟ. ಅವರು ಹಿಡಿದೇಬಿಟ್ಟರು. ಆಸ್ಪತ್ರೆಯ ಫಾರಮ್ಮಿನ ನಕಲು ತಂದು ಅವರ ಮುಂದೆ ಇಟ್ಟೆ. 'ಸೇರಿಸಿದ ಸಮಯ: ಬೆಳಿಗ್ಗೆ 10.40.' ಕೆಳಗೆ ಸೇರಿಸಿದವನ ಸಹಿ.

"ಇದು ಯಾರ ಅಕ್ಷರ?"

ಸೋಫಾ ಅಂಗಡಿಯವನು ತನ್ನ ಸಹಿ ನೋಡಿ ಕಾಗದವನ್ನು ಪಕ್ಕಕ್ಕೆ ತಳ್ಳಿದ.

"ರೀ, ಗಾಜು ಕತ್ತರಿಸೋಕೆ ಗೀಟು ಹಾಕಿದ ಮೇಲೆ ಅದರ ಮೇಲೇ ಇನ್ನೊಂದು ಎಳೆದ್ರೆ ಏನಾಗುತ್ತೆ?"

"ಅಡ್ಡಾದಿಡ್ಡಿ ಒಡೆಯುತ್ತೆ," ಎಂದರು ಅವರು ನಿಧಾನವಾಗಿ. ಮೂವತ್ತು ವರ್ಷ ಅದನ್ನೇ ಎಲ್ಲರಿಗೂ ಹೇಳಿಕೊಟ್ಟವರು.

"ಇದೂ ಹಾಗೇ. ನಾಳೆ ಕಂಪನಿಯವರು ಈ ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಸುಳ್ಳುಗಾರರು ನಾವು. ಆಗ ಕಂಪನಿಯಿಂದಲೂ ಇಲ್ಲ, ಇವನಿಂದಲೂ ಇಲ್ಲ."

ಅವರು ಪೆನ್ನನ್ನು ಹಿಂದಕ್ಕೆ ಚಾಚಿದರು. "ತಗೋಪ್ಪ. ಎಡಗೈಯಲ್ಲಿ ಸುಳ್ಳು ಬರೆಯೋದು ಇನ್ನೂ ಕಲಿತಿಲ್ಲ."

"ಕೋರ್ಟಲ್ಲಿ ಚಪ್ಪಲಿ ಸವೆಯುತ್ತೆ, ಅಕ್ಕ!" ಅವನು ಬಾಗಿಲಲ್ಲಿ ನಿಂತು ಕೂಗಿದ.

"ಹೊಸದು ತಗೊಳ್ತೀನಿ, ಅದನ್ನೂ ನಿನ್ನ ಲೆಕ್ಕಕ್ಕೇ ಬರೆಸ್ತೀನಿ!"

ಚಪ್ಪಲಿ ಸವೆದದ್ದು ನಿಜ. ಒಂದು ವರ್ಷ ಏಳು ತಿಂಗಳು ಓಡಾಡಿದೆವು. ಪೆಟ್ಟು ಬಿದ್ದ ಗಂಟೆಗೆ ವಿಮೆ ಇರಲಿಲ್ಲ, ಆದ್ದರಿಂದ ಕಾರಿನ ಮಾಲೀಕನೇ ಪೂರ್ತಿ ಕೊಡಬೇಕು ಎಂದು ತೀರ್ಪಾಯಿತು: ನಾಲ್ಕು ಲಕ್ಷದ ಅರವತ್ತು ಸಾವಿರ. ದುಡ್ಡಿಲ್ಲ ಎಂದು ಅವನು ಕೈಯಲ್ಲಾಡಿಸಿದ. ಕೋರ್ಟಿನವರು ಕಾರನ್ನು ಎಳೆದುಕೊಂಡು ಹೋಗಿ ಹರಾಜು ಹಾಕಿದರು. ಮಿಕ್ಕದ್ದನ್ನು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದಾನೆ. ಈವರೆಗೆ ನಮಗೆ ಬಂದದ್ದು ಮೂರು ಲಕ್ಷದ ಮೂವತ್ತು ಸಾವಿರ, ವಕೀಲರಿಗೆ ಹೋದದ್ದು ನಲವತ್ತು ಸಾವಿರ. ಅವರ ಮಣಿಕಟ್ಟು ಅರ್ಧಕ್ಕಿಂತ ಹೆಚ್ಚು ತಿರುಗುವುದಿಲ್ಲ. ಗಾಜು ಈಗ ನಾನು ಕತ್ತರಿಸುತ್ತೇನೆ.